ಪ್ಲೇಟಿನ ಮೇಲೆ ಒಂದೇ ಹೆಸರು, ಉಳಿದವರು ಯಾರು?

ಗೌಹರ್ ಜಾನ್ ಗೊತ್ತಲ್ಲ? ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡವರು. ಅವರು ಹಾಡು ಮುಗಿಸಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಗ್ರಾಮಫೋನ್ ಪ್ಲೇಟಿನಲ್ಲೇ ಕೂಗಿ ಹೇಳುತ್ತಿದ್ದರು. ಮುಂದೆ 1930ರ ದಶಕದ ಅಮೆರಿಕದಲ್ಲಿ ಸ್ವಿಂಗ್ ಜಾಜ್, ಅಂದರೆ ದೊಡ್ಡ ಬ್ಯಾಂಡುಗಳ ಕುಣಿತದ ಸಂಗೀತ, ನುಡಿಸಿದ ಎಷ್ಟೋ ವಾದಕರಿಗೆ ಆ ಭಾಗ್ಯವೂ ಸಿಗಲಿಲ್ಲ.

ಆಗಿನ ಪ್ಲೇಟುಗಳ ಲೇಬಲ್ ಮೇಲೆ ಸಾಮಾನ್ಯವಾಗಿ ಇರುತ್ತಿದ್ದುದು ಬ್ಯಾಂಡಿನ ಯಜಮಾನನ ಹೆಸರು, ಹಾಡುಗಾರರಿದ್ದರೆ ಅವರದ್ದು, ಅಷ್ಟೇ. ಜನ ಕೊಳ್ಳುತ್ತಿದ್ದುದು ಕುಣಿಯೋಕೆ, ರೇಡಿಯೋದಲ್ಲಿ ಕೇಳಿದ ಹೆಸರು ನೋಡಿ. ಮೂರನೇ ಟ್ರಂಪೆಟ್ ಊದಿದವನು ಯಾರಾದರೆ ಕಂಪನಿಗೇನು?

ಕೆಲವೊಮ್ಮೆ ಯಜಮಾನನ ಹೆಸರೇ ಮಾಯ! 1936ರ ಕೊನೆಗೆ ಪಿಯಾನೊ ವಾದಕ, ಬ್ಯಾಂಡಿನ ಯಜಮಾನ ಕೌಂಟ್ ಬೇಸಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಗೆ ಸಹಿ ಹಾಕಿಬಿಟ್ಟಿದ್ದ. 24 ಹಾಡಿಗೆ 750 ಡಾಲರ್, ರಾಯಲ್ಟಿ ಸೊನ್ನೆ, ಅಂಥಾ ಒಪ್ಪಂದ. ಅದಕ್ಕೇ ಶಿಕಾಗೋದಲ್ಲಿ ಬೇರೆ ಕಂಪನಿಗೆ ನುಡಿಸಿದಾಗ ತನ್ನ ಹೆಸರು ಹಾಕುವಂತಿರಲಿಲ್ಲ. ಡ್ರಮ್ಮರ್ ಜೋ ಜೋನ್ಸ್, ಟ್ರಂಪೆಟ್‌ನ ಕಾರ್ಲ್ ಸ್ಮಿತ್ ಇಬ್ಬರ ಹೆಸರು ಸೇರಿಸಿ ‘ಜೋನ್ಸ್-ಸ್ಮಿತ್ ಇನ್‌ಕಾರ್ಪೊರೇಟೆಡ್’ ಅಂತ ಪ್ಲೇಟು ಹೊರಟಿತು, ಯಾವುದೋ ಅಂಗಡಿಯ ಬೋರ್ಡಿನ ಥರ. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ 27ರ ಹುಡುಗ ಲೆಸ್ಟರ್ ಯಂಗ್. ಅವನ ಮೊದಲ ರೆಕಾರ್ಡಿಂಗ್ ಅದೇ! ಜಾಜ್ ಸ್ಯಾಕ್ಸೊಫೋನಿನ ದಾರಿಯನ್ನೇ ತಿರುಗಿಸಿದ ಮನುಷ್ಯ ಹೀಗೆ ಕಳ್ಳಬಾಗಿಲಿನಿಂದ ಒಳಗೆ ಬಂದ.

ಹಾಗಾದರೆ ಇಂದು ನಮಗೆ ಈ ಹೆಸರುಗಳೆಲ್ಲ ಗೊತ್ತಾಗಿದ್ದು ಹೇಗೆ? ಹುಚ್ಚು ಹಿಡಿದ ಕೇಳುಗರಿಂದ. ಪ್ಯಾರಿಸ್‌ನಲ್ಲಿ ಶಾರ್ಲ್ ದೆಲೊನೆ ಎಂಬಾತ 1936ರಲ್ಲೇ ಯಾವ ಪ್ಲೇಟಿನಲ್ಲಿ ಯಾರು ನುಡಿಸಿದ್ದಾರೆ ಅಂತ ಪಟ್ಟಿ ಮಾಡಿ ಪುಸ್ತಕ ತಂದ. ಆಮೇಲೆ ಬಂದವರು ಕಂಪನಿಯ ಹಳೇ ಲೆಡ್ಜರು ಕೆದಕಿದರು, ಬದುಕಿದ್ದ ವಾದಕರನ್ನು ವಿಚಾರಿಸಿದರು, ಏನೂ ಸಿಗದಿದ್ದಾಗ ಕಿವಿಯನ್ನೇ ನಂಬಿದರು.

ಕಿವಿಯಿಂದ ಗುರುತಿಸೋದು ಸುಲಭ ಅಲ್ಲ, ಯಾಕೆಂದರೆ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯೋದೇ ಸುಮಾರು ಮೂರು ನಿಮಿಷ, ಅದರಲ್ಲಿ ಒಬ್ಬೊಬ್ಬರ ಸೋಲೊಗೆ, ಅಂದರೆ ಒಬ್ಬರೇ ಮುಂದೆ ಬಂದು ನುಡಿಸೋದಕ್ಕೆ, ಎಷ್ಟೋ ಸಲ ಅರ್ಧ ನಿಮಿಷವೂ ಇಲ್ಲ. ಆದರೂ ಬೇಸಿ ಬ್ಯಾಂಡಿನ ಇಬ್ಬರು ಟೆನರ್ ಸ್ಯಾಕ್ಸ್‌ನವರನ್ನು ನಾಲ್ಕು ದಿನ ಕೇಳಿದರೆ ಬೇರೆ ಮಾಡಬಹುದು. ಹರ್ಷೆಲ್ ಇವಾನ್ಸ್‌ನದು ದಪ್ಪ, ನಡುಗುವ ನಾದ. ಲೆಸ್ಟರ್‌ನದು ಹಗುರ, ತಾಳಕ್ಕೆ ಒಂಚೂರು ಹಿಂದೆ ಜಾರಿಕೊಂಡು ಬರುತ್ತದೆ. ಇವಾನ್ಸ್ 1939ರಲ್ಲೇ, ಮೂವತ್ತು ತುಂಬೋ ಮೊದಲೇ ಹೋಗಿಬಿಟ್ಟ.

ನನಗೆ ಜಾಸ್ತಿ ಇಷ್ಟ ಮಾತ್ರ ಫ್ರೆಡ್ಡಿ ಗ್ರೀನ್. 1937ರಲ್ಲಿ ಬೇಸಿ ಬ್ಯಾಂಡಿಗೆ ಗಿಟಾರ್ ಹಿಡಿದು ಬಂದವನು, 1987ರಲ್ಲಿ ಸಾಯೋವರೆಗೂ ಹೆಚ್ಚುಕಮ್ಮಿ ಅಲ್ಲೇ ಇದ್ದ. ಸೋಲೊ ನುಡಿಸಿದ್ದೇ ಅಪರೂಪ. ಕಚೇರಿಯಲ್ಲಿ ತಂಬೂರಿ ಇದ್ದ ಹಾಗೆ, ನಿಂತರೆ ಮಾತ್ರ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿ ಟ್ರಂಪೆಟ್‌ಗಳನ್ನು ಬದಿಗಿಟ್ಟು, ಬೇಸ್ ಮತ್ತು ಡ್ರಮ್ ನಡುವೆ ಕಿವಿ ಕೊಡಿ. ಚಕ್, ಚಕ್, ಚಕ್, ಚಕ್ ಅಂತ ಏನೋ ಸಣ್ಣಗೆ ಕೇಳುತ್ತದಲ್ಲ, ಅದೇ ಅವನು.