ಹಂಝ ಯೂಸುಫ್ ‘ಶೇಖ್’ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಹಂಝ ಯೂಸುಫ್ ಅವರ ಭಾಷಣಗಳನ್ನು ಕೇಳುತ್ತಿರುತ್ತೇವೆ. ಅವರು ಹುಟ್ಟಿನಿಂದ ಕ್ರೈಸ್ತರಂತೆ. ಮತಾಂತರವಾಗಿ ಬಂದವರನ್ನು ‘ಶೇಖ್’, ಅಂದರೆ ಧರ್ಮಗುರು ಎಂದು ಒಪ್ಪುವುದು ಯಾವ ಆಧಾರದ ಮೇಲೆ? ಆ ಪದವಿ ಕೊಟ್ಟವರು ಯಾರು?

ಉತ್ತರ: ಕೊಡುವ ಪೀಠವೇ ಇಲ್ಲ. ಸುನ್ನಿ ಇಸ್ಲಾಮಿನಲ್ಲಿ ಪಾದ್ರಿಗಳಿಗಿರುವಂಥ ದೀಕ್ಷೆಯಾಗಲಿ, ಮಠಗಳಲ್ಲಿರುವಂಥ ಪಟ್ಟಾಭಿಷೇಕವಾಗಲಿ ಇಲ್ಲ. ಮುಸ್ಲಿಮರಾಗಲು ಅರ್ಥ ತಿಳಿದು, ಮನಸಾರೆ ಕಲಿಮಾ (ನಂಬಿಕೆಯ ಸಾಕ್ಷಿವಚನ) ಹೇಳಿದರೆ ಸಾಕು. ಅರ್ಧ ನಿಮಿಷದ ಕೆಲಸ. ಕಲಿಸುವವರಾಗಬೇಕಾದರೆ ಮಾತ್ರ ಯಾರ ಮುಂದೆ ಕೂತು, ಯಾವ ಗ್ರಂಥವನ್ನು ಕೊನೆಯವರೆಗೆ ಓದಿದಿರಿ ಎಂದು ಕೇಳುತ್ತಾರೆ. ಅಪ್ಪ ಅಮ್ಮ ಯಾವ ಧರ್ಮದವರು ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹಂಝ ಯೂಸುಫರ ಮೊದಲ ಹೆಸರು ಮಾರ್ಕ್ ಹ್ಯಾನ್ಸನ್. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಊರಿನಲ್ಲಿ ಹುಟ್ಟಿ, ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೆಳೆದರು. ಹದಿಹರೆಯದಲ್ಲಿ ಕಾರು ಅಪಘಾತವೊಂದರಲ್ಲಿ ಸಾವಿನ ಹತ್ತಿರ ಹೋಗಿ ಬಂದ ಮೇಲೆ ಸಾವಿನ ಬಗ್ಗೆ ಧರ್ಮಗಳು ಏನು ಹೇಳುತ್ತವೆಂದು ಓದತೊಡಗಿದರು. 1977ರಲ್ಲಿ ಮುಸ್ಲಿಮರಾದರು. ಭಾಷಣಕಾರರು ಇವರ ಕಥೆಯನ್ನು ಸಾಮಾನ್ಯವಾಗಿ ಈ ಅಪಘಾತಕ್ಕೇ ನಿಲ್ಲಿಸಿಬಿಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರ ನಂತರದ ಹತ್ತು ವರ್ಷಗಳಲ್ಲಿ.

ಮೊದಲು ಹೋದದ್ದು ಇಂಗ್ಲೆಂಡಿನ ನಾರಿಚ್‌ಗೆ. ಅಲ್ಲಿ ಅಬ್ದುಲ್ ಖಾದಿರ್ ಅಸ್ಸೂಫಿ ಎಂಬವರ ಸುತ್ತ ಒಂದು ಮುಸ್ಲಿಂ ಸಮುದಾಯವಿತ್ತು. ಅವರೂ ಮತಾಂತರವಾದವರೇ, ಸ್ಕಾಟ್ಲೆಂಡಿನವರು. ಹೊಸಬರಿಗೆ ಇಂಥ ಕೂಟಗಳಲ್ಲಿ ಆಸರೆ ಸಿಗುತ್ತದೆ, ಆದರೆ ಅರಬಿ ವ್ಯಾಕರಣ ಮತ್ತು ಫಿಕ್ಹ್ (ಧರ್ಮದ ವಿಧಿನಿಯಮಗಳ ಶಾಸ್ತ್ರ) ತಳದಿಂದ ಕಲಿಯಲು ಅಷ್ಟು ಸಾಲದು. ಹೀಗಾಗಿ 1979ರಲ್ಲಿ ಯುಎಇಯ ಅಲ್ ಐನ್‌ಗೆ ತೆರಳಿ ಅಲ್ಲಿನ ಇಸ್ಲಾಮಿಕ್ ಸಂಸ್ಥೆಯಲ್ಲಿ ಓದಿದರು. ಅಲ್ಲಿ ಪಶ್ಚಿಮ ಆಫ್ರಿಕಾದ ಮಾರಿಟಾನಿಯಾದಿಂದ ಬಂದ ಕೆಲವು ವಿದ್ವಾಂಸರ ಪರಿಚಯವಾಯಿತು. ಪುಟಗಟ್ಟಲೆ ಗ್ರಂಥಗಳನ್ನು ನೆನಪಿನಿಂದಲೇ ಪಾಠ ಮಾಡುವವರು ಅವರು. 1984ರಲ್ಲಿ ಹಂಝ ಆ ದೇಶಕ್ಕೇ ಹೊರಟು, ಮರುಭೂಮಿಯ ಒಳಗಿನ ಹಳ್ಳಿಯೊಂದರಲ್ಲಿ ಮುರಾಬಿತ್ ಅಲ್ ಹಾಜ್ ಎಂಬ ವೃದ್ಧ ಗುರುಗಳ ಮನೆಯವರ ಜೊತೆ ಇದ್ದು ಕಲಿತರು. ಆ ಗುರುಗಳು ತೀರಿಕೊಂಡದ್ದು 2018ರಲ್ಲಿ.

ಅಲ್ಲಿನ ಪಾಠಶಾಲೆಗೆ ಮಹ್ದರ ಎನ್ನುತ್ತಾರೆ. ಬೆಂಚಿಲ್ಲ, ತರಗತಿಯಿಲ್ಲ, ಶುಲ್ಕವೂ ಇಲ್ಲ. ವಿದ್ಯಾರ್ಥಿಯ ಕೈಯಲ್ಲಿರುವುದು ಒಂದು ಮರದ ಹಲಗೆ, ಇದ್ದಿಲು ಮತ್ತು ಗೋಂದು ಕಲಸಿದ ಶಾಯಿ, ಒಂದು ಕಡ್ಡಿ ಲೇಖನಿ. ಆ ದಿನದ ನಾಲ್ಕಾರು ಸಾಲನ್ನು ಹಲಗೆಯ ಮೇಲೆ ಬರೆದುಕೊಂಡು ಗುರುವಿನ ಮುಂದೆ ಗಟ್ಟಿಯಾಗಿ ಓದಬೇಕು. ಗುರು ತಪ್ಪು ತಿದ್ದಿ, ಪದಪದವಾಗಿ ಅರ್ಥ ಬಿಡಿಸುತ್ತಾರೆ. ಆಮೇಲೆ ಬಾಯಿಪಾಠ: ನಾಲಿಗೆಗೆ ಹತ್ತುವವರೆಗೆ, ನೂರು ಸಲವಾದರೂ ಸರಿ. ಅದು ಗಟ್ಟಿಯಾಯಿತು ಎಂದಾಗಲೇ ಹಲಗೆ ತೊಳೆದು ಮುಂದಿನ ಸಾಲು ಬರೆಯುವುದು. ಒಬ್ಬೊಬ್ಬರ ಪಾಠ ಒಂದೊಂದು, ಆದ್ದರಿಂದ ಜೊತೆಯವನು ಮುಂದೆ ಹೋದನೆಂದು ಓಡಬೇಕಾಗಿಲ್ಲ.

ಗ್ರಂಥಗಳಿಗೂ ಒಂದು ಕ್ರಮವಿದೆ. ಮಾರಿಟಾನಿಯಾದವರು ಸುನ್ನಿಗಳ ಫಿಕ್ಹ್ ಪರಂಪರೆಗಳಲ್ಲಿ ಒಂದಾದ ಮಾಲಿಕಿ ಮದ್‌ಹಬಿನವರು. ಮೊದಲಿಗೆ ಇಬ್ನ್ ಆಶಿರ್ ಅವರ 300ಕ್ಕೂ ಸ್ವಲ್ಪ ಹೆಚ್ಚು ಸಾಲುಗಳ ಪದ್ಯ; ನಂಬಿಕೆ, ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ), ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ), ಹಜ್, ಕೊನೆಗೆ ಮನಸ್ಸಿನ ಶುದ್ಧಿ ಎಲ್ಲವೂ ಅದರೊಳಗಿದೆ. ಬಳಿಕ ಇಬ್ನ್ ಅಬೀ ಝೈದ್ ಅವರ ‘ರಿಸಾಲ’, ಅದಾದ ಮೇಲೆ ಖಲೀಲ್ ಅವರ ‘ಮುಖ್ತಸರ್’. ಈ ಕೊನೆಯದು ಎಷ್ಟು ಬಿಗಿಯಾದ ಗದ್ಯವೆಂದರೆ ಗುರುವಿಲ್ಲದೆ ಒಂದು ವಾಕ್ಯವೂ ಅರ್ಥವಾಗುವುದಿಲ್ಲ. ವ್ಯಾಕರಣಕ್ಕೆ ‘ಆಜುರ್ರೂಮಿಯ್ಯ’, ಆಮೇಲೆ ಸುಮಾರು ಸಾವಿರ ಪದ್ಯಗಳ ‘ಅಲ್ಫಿಯ್ಯ’. ದಕ್ಷಿಣ ಕನ್ನಡದ ಮಸೀದಿ ಪಾಠಶಾಲೆಗಳಾದ ಪಳ್ಳಿ ದರ್ಸ್‌ಗಳಲ್ಲಿ ಓದಿದವರಿಗೆ ಈ ಕೊನೆಯ ಹೆಸರು ಹೊಸದಲ್ಲ, ಅಲ್ಲಿಯೂ ಉಸ್ತಾದರು ಅದನ್ನೇ ಓದಿಸುತ್ತಾರೆ. ಫಿಕ್ಹ್ ಮಾತ್ರ ಬೇರೆ. ನಮ್ಮ ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈ ಎಂಬ ಇನ್ನೊಂದು ಪರಂಪರೆಯವರು.

ಹೊಸಬರು ಎಡವುವುದು ಎಲ್ಲಿ? ಹೆಚ್ಚಾಗಿ ಅವಸರದಲ್ಲಿ. ನಮಾಝಿನ ಮಸಾಲೆಗಳು (ವಿಧಿನಿಯಮದ ವಿಷಯಗಳು) ಗಟ್ಟಿಯಾಗುವ ಮೊದಲೇ ಅಖೀದದ (ನಂಬಿಕೆಯ ತತ್ವಗಳ) ವಾದಗಳಿಗೆ ಕೈ ಹಾಕುವುದು, ಒಟ್ಟಿಗೆ ನಾಲ್ಕು ಗ್ರಂಥ ಹಿಡಿಯುವುದು, ವ್ಯಾಕರಣ ಬಿಟ್ಟು ಅನುವಾದದ ಮೇಲೆ ನಿಲ್ಲುವುದು. ಇನ್ನೊಂದು ತೊಂದರೆ ಸಮುದಾಯದ್ದೇ. ಮತಾಂತರವಾದವರು ಸಿಕ್ಕರೆ ಆರೇ ತಿಂಗಳಲ್ಲಿ ವೇದಿಕೆ ಹತ್ತಿಸಿ ಮೈಕು ಕೊಡುತ್ತೇವೆ. ಅಲ್ಲಿ ಅವರು ಹೇಳಬಹುದಾದದ್ದು ತಮ್ಮ ಕಥೆಯನ್ನಷ್ಟೇ. ಕೇಳುವವರು ಕೈಯೆತ್ತಿ ತಲಾಖಿನ ಮಸಾಲೆ ಕೇಳುತ್ತಾರೆ!

ಹಂಝ ಅಮೆರಿಕಕ್ಕೆ ಮರಳಿದ ಮೇಲೆ ನರ್ಸಿಂಗ್ ಓದಿದರು, ಧರ್ಮಾಧ್ಯಯನದಲ್ಲಿ ಪದವಿಯನ್ನೂ ಪಡೆದರು. 1996ರಲ್ಲಿ ಝೈತೂನ ಸಂಸ್ಥೆ ಆರಂಭಿಸಿದರು. ಅದು ಬರ್ಕ್ಲಿಯಲ್ಲಿ ಕಾಲೇಜಾಗಿ 2010ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. 2015ರಲ್ಲಿ ಮಾನ್ಯತೆ ಪಡೆದು ಅಮೆರಿಕದ ಮೊದಲ ಮಾನ್ಯತೆ ಪಡೆದ ಮುಸ್ಲಿಂ ಪದವಿ ಕಾಲೇಜಾಯಿತು. ಅವರು ಪಿಎಚ್‌ಡಿ ಮುಗಿಸಿದ್ದು 2020ರಲ್ಲಿ. ಅದರ ವಿಷಯ ಮೇಲೆ ಹೇಳಿದ ಆ ಇಬ್ನ್ ಆಶಿರ್ ಪದ್ಯವೇ.

ಹೊಗಳಿಕೆಯಷ್ಟೇ ಟೀಕೆಯೂ ಬಂದಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಶ್ವೇತಭವನದಲ್ಲಿ ಅಧ್ಯಕ್ಷ ಬುಷ್ ಅವರನ್ನು ಭೇಟಿಯಾದರು. ಅದಕ್ಕೂ ಹಿಂದೆ ತಾವೇ ಆಡಿದ್ದ ಕಟು ಮಾತುಗಳಿಗೆ ಆಮೇಲೆ ವಿಷಾದಿಸಿದರು. 2016ರಲ್ಲಿ ಕರಿಯರ ಹಕ್ಕಿನ ಚಳವಳಿಯ ಬಗ್ಗೆ ಆಡಿದ ಮಾತು, ಸಿರಿಯಾದ ಬಂಡಾಯದ ಬಗ್ಗೆ ಆಡಿದ ಮಾತು, 2019ರಲ್ಲಿ ಟ್ರಂಪ್ ಸರ್ಕಾರದ ಮಾನವ ಹಕ್ಕುಗಳ ಆಯೋಗಕ್ಕೆ ಸೇರಿದ್ದು, ಇವೆಲ್ಲ ಅವರ ಅಭಿಮಾನಿಗಳನ್ನೇ ಕೆರಳಿಸಿದವು. ಫಿಕ್ಹ್ ಓದಿದವರು ರಾಜಕೀಯದಲ್ಲಿಯೂ ಸರಿಯಾಗಿಯೇ ಮಾತಾಡುತ್ತಾರೆ ಎಂದೇನೂ ಇಲ್ಲ. ಗುರುಗಳ ಅನುಮತಿ ಇರುವುದು ಗ್ರಂಥಕ್ಕೆ ಮಾತ್ರ.

ಆ ಅನುಮತಿಗೆ ಇಜಾಝತ್ ಎಂದು ಹೆಸರು. ಅದರಲ್ಲಿಯೂ ಎರಡು ಬಗೆ ಇರುವುದರಿಂದ ಕೇಳಿ ತಿಳಿದುಕೊಳ್ಳಬೇಕು. ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ, ‘ಇದನ್ನು ನೀನು ಕಲಿಸಬಹುದು’ ಎಂದು ಗುರು ಕೊಡುವುದು ಒಂದು. ಬರಕತ್ತಿಗಾಗಿ (ದೈವಾನುಗ್ರಹಕ್ಕಾಗಿ), ಗುರುವಿನಿಂದ ಗುರುವಿಗೆ ಸಾಗಿಬಂದ ಸನದಿನ ಸರಪಳಿಗೆ ಸೇರಲೆಂದು, ಒಂದೇ ಕೂಟದಲ್ಲಿ ನೂರಾರು ಜನರಿಗೆ ಕೊಡುವುದು ಇನ್ನೊಂದು. ಎರಡಕ್ಕೂ ಕಾಗದ ಸಿಗುತ್ತದೆ, ಚೌಕಟ್ಟು ಹಾಕಿಸಿದರೆ ಗೋಡೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯಾವ ಗ್ರಂಥ, ಯಾರ ಬಳಿ, ಎಷ್ಟು ಕಾಲ ಓದಿದಿರಿ ಎಂದು ವಿನಯದಿಂದ ಕೇಳಿ. ನಿಜವಾಗಿ ಓದಿದವರು ಬೇಸರಪಡುವುದಿಲ್ಲ. ಗುರುವಿನ ಹೆಸರು, ಅವರ ಗುರುವಿನ ಹೆಸರು ಹೇಳಲು ಶುರುಮಾಡುತ್ತಾರೆ.