ಯಾವ ವಸ್ತುವಿನ ದಿನಾಂಕ?

ಡಿಜಿಟಲ್ ಸಂಗ್ರಹಗಳಿಗೆ ಮೆಟಾಡೇಟಾ, ಅಂದರೆ ಪ್ರತಿ ವಸ್ತುವಿನ ಕರ್ತೃ, ದಿನಾಂಕ ಮೊದಲಾದ ವಿವರಗಳನ್ನು ಸಿದ್ಧಪಡಿಸುವವರು ಎಡವುವುದು ಹೆಚ್ಚಾಗಿ ತಂತ್ರಾಂಶದ ಬಳಕೆಯಲ್ಲಲ್ಲ, ತಾವು ವಿವರಿಸುತ್ತಿರುವುದು ಯಾವ ವಸ್ತುವನ್ನು ಎಂದು ಮೊದಲೇ ತೀರ್ಮಾನಿಸಿಕೊಳ್ಳದಿರುವುದರಲ್ಲಿ.

1932ರಲ್ಲಿ ತೆಗೆದ ಛಾಯಾಚಿತ್ರವೊಂದನ್ನು 2011ರಲ್ಲಿ ಸ್ಕ್ಯಾನ್ ಮಾಡಲಾಗಿದೆ ಎಂದಿಟ್ಟುಕೊಳ್ಳೋಣ. ಸ್ಕ್ಯಾನರ್ ತಾನಾಗಿಯೇ ಕಡತದೊಳಗೆ ಬರೆದಿಡುವ ದಿನಾಂಕ 2011ರದ್ದು. ಕಡತವನ್ನು ಮತ್ತೊಂದು ಡಿಸ್ಕಿಗೆ ನಕಲು ಮಾಡಿದರೆ, ಕಂಪ್ಯೂಟರ್ ತೋರಿಸುವ ‘ರಚನೆಯ ದಿನಾಂಕ’ ನಕಲು ಮಾಡಿದ ದಿನಕ್ಕೆ ಬದಲಾಗಿರಲೂಬಹುದು. ಚಿತ್ರ ತೆಗೆದ ವರ್ಷ ಯಾವ ಯಂತ್ರಕ್ಕೂ ಗೊತ್ತಿಲ್ಲ, ಮೂಲಪ್ರತಿಯ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ ಒಂದು ಸಾಲೇ ಅದಕ್ಕೆ ಆಧಾರ. ಈ ಮೂರೂ ಸರಿಯಾದ ದಿನಾಂಕಗಳೇ, ಆದರೆ ಒಂದು ಮೂಲಚಿತ್ರದ್ದು, ಒಂದು ಸ್ಕ್ಯಾನ್ ಪ್ರತಿಯದ್ದು, ಇನ್ನೊಂದು ಅದರ ನಕಲಿನದ್ದು. ‘ದಿನಾಂಕ’ ಎಂಬ ಒಂದೇ ಕಲಮಿನಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿದರೆ, 1930ರ ದಶಕದ ಚಿತ್ರಗಳನ್ನು ಹುಡುಕುವವರಿಗೆ ಈ ಚಿತ್ರ ಸಿಗುವುದೇ ಇಲ್ಲ. ‘ಕರ್ತೃ’ ಎಂಬಲ್ಲಿ ಛಾಯಾಗ್ರಾಹಕರ ಬದಲು ಸ್ಕ್ಯಾನ್ ಮಾಡಿದವರ ಹೆಸರು ಕುಳಿತಿರುವುದೂ ಅಪರೂಪವೇನಲ್ಲ.

1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ನಡೆದ ಕಾರ್ಯಾಗಾರದಿಂದ ಬೆಳೆದು ಬಂದ ಡಬ್ಲಿನ್ ಕೋರ್ ಎಂಬ ಮೆಟಾಡೇಟಾ ಮಾನಕದಲ್ಲಿ ಮೂಲತಃ 15 ಅಂಶಗಳಿವೆ, ಮತ್ತು ಅವುಗಳಲ್ಲಿ ದಿನಾಂಕಕ್ಕೆ ಮೀಸಲಾದದ್ದು ಒಂದೇ ಒಂದು. ಇದು ಕೊರತೆಯಂತೆ ಕಂಡರೂ, ಒಂದು ದಾಖಲೆ ಒಂದೇ ವಸ್ತುವನ್ನು ವಿವರಿಸಬೇಕೆಂಬ ನಿಯಮವನ್ನು ಪಾಲಿಸುವವರಿಗೆ ಅಷ್ಟು ಸಾಕಾಗುತ್ತದೆ: ಮೂಲಚಿತ್ರಕ್ಕೊಂದು ದಾಖಲೆ, ಸ್ಕ್ಯಾನ್ ಪ್ರತಿಗೊಂದು ದಾಖಲೆ, ಎರಡನ್ನೂ ಬೆಸೆಯಲು ‘ಆಕರ’ ಎಂಬ ಅಂಶ. ವ್ಯವಹಾರದಲ್ಲಿ ಇಷ್ಟು ಶಿಸ್ತನ್ನು ಪಾಲಿಸುವ ಸಂಸ್ಥೆಗಳು ಕಡಿಮೆ. ಎಲ್ಲವನ್ನೂ ಒಂದೇ ದಾಖಲೆಯಲ್ಲಿ ಇಡಲೇಬೇಕಾದರೆ, ರಚನೆ, ಪ್ರಕಟಣೆ, ಮಾರ್ಪಾಡುಗಳ ದಿನಾಂಕಗಳನ್ನು ಬೇರ್ಪಡಿಸುವ ವಿಸ್ತೃತ ಪದಗಳನ್ನಾದರೂ ಬಳಸುವುದು ಒಳ್ಳೆಯದು.

ಬರೆಯುವ ಕ್ರಮವೂ ಒಂದೇ ಇರಬೇಕು. 03-04-1932 ಎಂಬುದು ಕೆಲವರಿಗೆ ಏಪ್ರಿಲ್ 3, ಇನ್ನು ಕೆಲವರಿಗೆ ಮಾರ್ಚ್ 4. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601ರಂತೆ 1932-04-03 ಎಂದು ಬರೆದರೆ ಗೊಂದಲವಿಲ್ಲ. ವರ್ಷವಷ್ಟೇ ತಿಳಿದಿದ್ದರೆ 1932 ಎಂದು ನಿಲ್ಲಿಸಬೇಕೇ ಹೊರತು, ತಂತ್ರಾಂಶ ಕೇಳುತ್ತದೆಂದು ಜನವರಿ 1ನ್ನು ಸೇರಿಸಬಾರದು. ಅಂದಾಜಿನ ವರ್ಷವಾದರೆ, ಅದೇ ಮಾನಕದ 2019ರ ಎರಡನೆಯ ಭಾಗದಂತೆ 1932~ ಎಂದು ಸೂಚಿಸಬಹುದು.

ಈ ವಿವರಗಳನ್ನು ಕಡತದೊಳಗೆ ಮಾತ್ರ ಇಟ್ಟರೆ ಸಾಲದು, ಏಕೆಂದರೆ ಅನೇಕ ಜಾಲತಾಣಗಳು ಚಿತ್ರವನ್ನು ಏರಿಸುವಾಗ ಅವನ್ನು ಅಳಿಸಿಹಾಕುತ್ತವೆ. ಸಂಗ್ರಹದ ಸೂಚಿಯಲ್ಲಿ ಮಾತ್ರ ಇಟ್ಟರೆ, ಕಡತ ಒಂಟಿಯಾಗಿ ಹೊರಗೆ ಹೋದಾಗ ಗುರುತು ತಪ್ಪುತ್ತದೆ. ಎರಡೂ ಕಡೆ ಇಟ್ಟು, ಒಂದೇ ಗುರುತುಸಂಖ್ಯೆಯಿಂದ ಜೋಡಿಸುವುದು ಸೂಕ್ತ.