ಬಾತುಕೋಳಿ ಬೀಳಬೇಕಾದರೆ ದಪ್ಪ ಟಿವಿಯೇ ಬೇಕು

ವಿಡಿಯೋ ಗೇಮ್ ಕ್ಯಾಸೆಟ್ ಓಡದಿದ್ದರೆ ತೆಗೆದು ಉಫ್ ಎಂದು ಊದಬೇಕು: ಇದು ತೊಂಬತ್ತರ ದಶಕದ ಬೆಂಗಳೂರಿನ ಮಕ್ಕಳ ಮಂತ್ರ. ಶುದ್ಧ ಮೂಢನಂಬಿಕೆ. ಕ್ಯಾಸೆಟ್ ಮತ್ತೆ ಓಡುತ್ತಿದ್ದುದು ಉಸಿರಿನಿಂದಲ್ಲ, ತೆಗೆದು ಮತ್ತೆ ತುರುಕಿದಾಗ ಪಿನ್‌ಗಳು ಉಜ್ಜಿ ಕಿಲುಬು ಕಿತ್ತುಬರುತ್ತಿದ್ದುದರಿಂದ. ಊದಿದರೆ ಒಳಗೆ ಸೇರುವುದು ಎಂಜಲಿನ ತೇವ. ಕಿಲುಬಿಗೆ ಅದೇ ಗೊಬ್ಬರ.

ಇಂಥ ಕ್ಯಾಸೆಟ್ಟನ್ನು ಮ್ಯೂಸಿಯಂನಲ್ಲಿಡಲು ಹೊರಟವರು ಮೊದಲು ಬಿಚ್ಚಿ, 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್ ಉದ್ದಕ್ಕೂ ಒರೆಸಬೇಕು. ತಾಮ್ರದ ಚೊಂಬು ಬೆಳಗಿದಂತೆ ಹುಣಸೆಹಣ್ಣು ಹಚ್ಚಿದರೆ ಆಮ್ಲ ಉಳಿದು ಲೋಹ ತಿನ್ನುತ್ತದೆ. ಉಪ್ಪುಕಾಗದ ಉಜ್ಜಿದರೆ ತೆಳು ಲೇಪವೇ ಹೋಗುತ್ತದೆ. 1987ರಲ್ಲಿ ಅಮೆರಿಕಕ್ಕೆ ಬಂದ ಝೆಲ್ಡಾ ಎಂಬ ಆಟದಂಥ ಕ್ಯಾಸೆಟ್ಟುಗಳೊಳಗೆ 3 ವೋಲ್ಟ್‌ನ ನಾಣ್ಯ ಬ್ಯಾಟರಿ ಇರುತ್ತದೆ. ಅದನ್ನು ಕಿತ್ತರೆ ಹಳೆಯ ಆಟಗಾರ ಉಳಿಸಿಟ್ಟ ಆಟವೂ ಅಳಿಸಿಹೋಗುತ್ತದೆ. ಹಾಗಾಗಿ ಮೊದಲು ಕ್ಯಾಸೆಟ್ ಓದುವ ರೀಡರ್‌ನಲ್ಲಿ ಆ ಆಟದ ನಕಲು, ಆಮೇಲೆ ಬ್ಯಾಟರಿ ಬದಲಾವಣೆ. ಹೊಸ ಬ್ಯಾಟರಿಗೆ ತಗಡಿನ ಕಿವಿ ಇರಲೇಬೇಕು. ಬರಿ ಬ್ಯಾಟರಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು.

ಇಷ್ಟೆಲ್ಲ ಮಾಡಿಯೂ ಬಾತುಕೋಳಿ ಸಾಯದಿರಬಹುದು.

1984ರ ಬಾತುಕೋಳಿ ಬೇಟೆಯ ಆಟ ಡಕ್ ಹಂಟ್‌ನಲ್ಲಿ ಟಿವಿಗೆ ಗುರಿಯಿಡುವ ಗನ್‌ನಿಂದ ಕಿರಣ ಹೊರಡುತ್ತದೆಂದು ಈಗಲೂ ನಂಬುವವರಿದ್ದಾರೆ. ಏನೂ ಹೊರಡುವುದಿಲ್ಲ. ಅದು ಗನ್ ಅಲ್ಲ, ಕಣ್ಣು. ಟ್ರಿಗರ್ ಎಳೆದ ಕೂಡಲೇ ಪರದೆ ಒಂದು ಚಿತ್ರದಷ್ಟು ಹೊತ್ತು ಕಪ್ಪಾಗುತ್ತದೆ, ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ. ಕತ್ತಲಾದ ಮೇಲೆ ಬೆಳಕು ಕಂಡರೆ ಗುರಿ ಸರಿ. ಎರಡು ಕೋಳಿಗಳಿದ್ದರೆ ಚೌಕಗಳು ಒಂದಾದ ಮೇಲೊಂದು ಬರುತ್ತವೆ. ಬೆಳಕು ಯಾವ ಸರದಿಯಲ್ಲಿ ಕಂಡಿತೆಂಬುದೇ ಉತ್ತರ. ಒಂದೊಂದು ಚಿತ್ರಕ್ಕೆ ಸಿಗುವುದು ಸೆಕೆಂಡಿನ 60ನೇ ಒಂದು ಭಾಗ, ಪಾಲ್ ಎಂಬ ಪ್ರಸಾರ ಪದ್ಧತಿಯ ನಮ್ಮ ಟಿವಿಗಳಲ್ಲಿ 50ನೇ ಒಂದು ಭಾಗ.

ಹಳೆಯ ಟ್ಯೂಬ್ ಟಿವಿ ಮಗ್ಗದ ಲಾಳಿಯಂತೆ: ಸಂಕೇತ ಬಂದಂತೆಲ್ಲ ಗೆರೆ ಗೆರೆಯಾಗಿ ನೇಯುತ್ತದೆ, ಸೆಕೆಂಡಿಗೆ ಸುಮಾರು 15,700 ಗೆರೆ. ಮೂಲ ಗನ್ ಈ ಮಿಡಿತಕ್ಕೇ ಕಿವಿಗೊಡುತ್ತದೆ, ಬಲ್ಬ್ ತೋರಿಸಿ ಮೋಸ ಮಾಡಲಾಗದು. ಎಲ್‌ಸಿಡಿ ಹಾಗಲ್ಲ. ದರ್ಶಿನಿಯಲ್ಲಿ ಚೀಟಿ ಕೊಟ್ಟ ಕೈಗೇ ಇಡ್ಲಿ ಬರುತ್ತದೆ. ಎಲ್‌ಸಿಡಿಯದು ಕೂತು ತಿನ್ನುವ ಹೋಟೆಲ್ಲಿನ ರೀತಿ, ಮಾಣಿ ಬರೆದುಕೊಂಡು, ಒಳಗೆ ಹೇಳಿ, ಎಲ್ಲ ಒಟ್ಟಿಗೆ ತಂದಿಡುತ್ತಾನೆ. ಅಷ್ಟರಲ್ಲಿ ಗನ್ ನೋಡುವ ಗಳಿಗೆ ಮುಗಿದಿರುತ್ತದೆ. ಪ್ರತಿ ಗುಂಡೂ ಗುರಿ ತಪ್ಪಿದ ಲೆಕ್ಕ.

ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2012ರಲ್ಲಿ 14 ಆಟಗಳನ್ನು ಸಂಗ್ರಹಕ್ಕೆ ಸೇರಿಸಿಕೊಂಡಾಗ ಪೆಟ್ಟಿಗೆಗಳ ಹಳೆಯ ಸೊಬಗನ್ನು ಬದಿಗಿಟ್ಟು ಆಟವನ್ನಷ್ಟೇ ತೋರಿಸಿತು. ಟೆಟ್ರಿಸ್‌ಗೆ ಅದು ಸಾಕು. ಗನ್ ಆಟಕ್ಕೆ ಟ್ಯೂಬೇ ಆಟದ ಅರ್ಧ.

ಬೆಂಗಳೂರಿನಲ್ಲಿ ಟ್ಯೂಬ್ ಟಿವಿ ಹುಡುಕಬೇಕಾದದ್ದು ಗುಜರಿಯಲ್ಲಿ. ಒಂದಲ್ಲ, ಒಂದೇ ಮಾದರಿಯ ಎರಡು ತನ್ನಿ, ಇನ್ನೊಂದು ಬಿಡಿಭಾಗಕ್ಕೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಹಳೆಯ ಟಿವಿ ಮೆಕ್ಯಾನಿಕ್‌ನಿಂದಲೇ ಬಿಚ್ಚಿಸಿ. ಸ್ಕೋರಿನ ಪರದೆಯನ್ನು ದಿನವಿಡೀ ಹಾಗೇ ಬಿಟ್ಟರೆ ಅಂಕಿಗಳು ಗಾಜಿನ ಹಿಂದಿನ ಬೆಳಗುವ ಲೇಪದಲ್ಲಿ ಅಚ್ಚೊತ್ತುತ್ತವೆ. ಯಾರೂ ಆಡದಿದ್ದಾಗ ಟಿವಿ ಆರುವಂತೆ ಒಂದು ಟೈಮರ್ ಹಾಕಿಸಿ.